ಪೆಕೊ ಎಲೆಕ್ಟ್ರೋಫ್ರಾಗ್ ಪಾಯಿಂಟ್ಸ್: ಏಳು ವರ್ಷ ಓಡಿಸಿದ ಮೇಲೆ

ಮನೆಯಲ್ಲಿ ಮಾದರಿ ರೈಲು ಕಟ್ಟುವ ಆಸೆ ಇದ್ದರೆ, ಎರಡನೇ ಎಂಜಿನ್ನಿಗೆ ಅಂತ ಎತ್ತಿಟ್ಟ ದುಡ್ಡನ್ನು ಮೊದಲು ಪಾಯಿಂಟ್ಸ್‌ಗೆ, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲುಗಳಿಗೆ, ಹಾಕಿ. ನಾನು ಉಲ್ಟಾ ಮಾಡಿದೆ. ಮನೆಗೆ ಮೂರು ಎಂಜಿನ್ ಬಂದವು, ಒಂದೂ ತಡವರಿಸದೆ ನಿಲ್ದಾಣ ದಾಟಲಿಲ್ಲ.

2018ರ ದಸರಾ ರಜೆಯಲ್ಲಿ ಶುರು ಮಾಡಿದ್ದು. ಒಂದು ಪೂರ್ತಿ ಪ್ಲೈವುಡ್ ಶೀಟು, 8×4 ಅಡಿ. ಅಳತೆ ಎಚ್‌ಒ, ಅಂದರೆ 1:87, ಹಳಿಯ ಅಗಲ 16.5 ಮಿ.ಮೀ. ಇದನ್ನು 87ರಿಂದ ಗುಣಿಸಿದರೆ 1435 ಬರುತ್ತದೆ, ಅದು ಯುರೋಪಿನ ಗೇಜ್. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಲೆಕ್ಕದಂತೆ 19 ಮಿ.ಮೀ. ಮೇಲೆಯೇ ಇರಬೇಕಿತ್ತು. ಆ ಅಗಲದ ಹಳಿ ಅಂಗಡಿಯಲ್ಲಿ ಸಿಗಲ್ಲ. ಹಾಗಾಗಿ ನಮ್ಮ ಡೀಸೆಲ್ ಎಂಜಿನ್‌ಗಳೂ ಯುರೋಪಿನ ಹಳಿಯ ಮೇಲೇ ಓಡಬೇಕು. ಒಮ್ಮೆ ಇದನ್ನು ಒಪ್ಪಿಕೊಂಡರೆ ಮುಂದಿನದು ಸಲೀಸು.

ನಿಲ್ದಾಣ ಮಾಡಿದ್ದು ಸಕಲೇಶಪುರ ಘಾಟಿಯ ಎಡಕುಮಾರಿಯ ನೆನಪಿನಲ್ಲಿ. ಲೂಪ್‌ಗಳ (ಎರಡೂ ತುದಿಯಲ್ಲಿ ಮೇನ್ ಲೈನಿಗೆ ಸೇರುವ ಪಕ್ಕದ ಹಳಿ) ಲೆಕ್ಕ ಮಾತ್ರ ನನ್ನದೇ. ಮುಂದೆ ಮೇನ್ ಲೈನು, ಅದರ ಎರಡೂ ಪಕ್ಕ ಒಂದೊಂದು ಲೂಪು, ಒಟ್ಟು ನಾಲ್ಕು ಪಾಯಿಂಟ್ಸ್. ಹಿಂದೆ ಥರ್ಮಾಕೋಲ್ ಗುಡ್ಡದ ಮರೆಯಲ್ಲಿ ಒಂದು ಲೂಪು, ಒಂದೇ ತುದಿ ತೆರೆದಿರುವ ಒಂದು ಸೈಡಿಂಗು, ಅಲ್ಲಿ ಮೂರು.

ಮೊದಲು ಹಾಕಿದ್ದು ಒಂದು ಸ್ಟಾರ್ಟರ್ ಸೆಟ್ಟಿನ ಜೊತೆ ಬಂದವು. ಯಾವ ಕಂಪನಿ ಅಂತ ಬೇಡ ಬಿಡಿ. ಹಿತ್ತಾಳೆ ಹಳಿ, ಪ್ಲಾಸ್ಟಿಕ್ ಫ್ರಾಗ್. ಫ್ರಾಗ್ ಅಂದರೆ ಎರಡು ಹಳಿಗಳು ಒಂದನ್ನೊಂದು ದಾಟುವ ಮೂತಿ, ನಮ್ಮ ರೈಲ್ವೆಯವರ ಬಾಯಲ್ಲಿ ಅದು ಕ್ರಾಸಿಂಗ್. ಅದು ಪ್ಲಾಸ್ಟಿಕ್ ಆಗಿದ್ದರೆ ಅಲ್ಲಿ ಕರೆಂಟ್ ಇಲ್ಲ. ಆರು ಆಕ್ಸಲ್ಲಿನ ದೊಡ್ಡ ಡೀಸೆಲ್ ಅದನ್ನು ಲೆಕ್ಕಿಸದೆ ದಾಟುತ್ತದೆ, ಒಂದು ಚಕ್ರ ತಪ್ಪಿದರೂ ಉಳಿದವು ಕರೆಂಟ್ ಎಳೆಯುತ್ತವೆ. ಆದರೆ ನಾಲ್ಕು ಚಕ್ರದ ಪುಟ್ಟ ಶಂಟರ್ (ನಿಲ್ದಾಣದಲ್ಲಿ ಬೋಗಿಗಳನ್ನು ಆಚೀಚೆ ಸರಿಸುವ ಎಂಜಿನ್) ಸರಿಯಾಗಿ ಅಲ್ಲೇ ಸತ್ತಂತೆ ನಿಲ್ಲುತ್ತದೆ. ಶಂಟಿಂಗ್ ಮಾಡುವುದು ನಿಧಾನಕ್ಕೆ ತಾನೇ? ಪ್ರತಿ ಸಲ ಬೆರಳಲ್ಲಿ ತಳ್ಳಿ ತಳ್ಳಿ ಸಾಕಾಯಿತು. ಹಿತ್ತಾಳೆಯ ಕಥೆ ಬೇರೆ. ಮಳೆಗಾಲದಲ್ಲಿ ಒಂದು ತಿಂಗಳು ಓಡಿಸದೆ ಬಿಟ್ಟರೆ ಕಪ್ಪುಗಟ್ಟುತ್ತಿತ್ತು.

ಒಂದು ವರ್ಷದೊಳಗೆ ಏಳನ್ನೂ ಕಿತ್ತು ಪೆಕೊ ಸ್ಟ್ರೀಮ್‌ಲೈನ್ ಹಾಕಿದೆ. ಇಂಗ್ಲೆಂಡಿನ ಡೆವನ್‌ನಲ್ಲಿ ಬಿಯರ್ ಅಂತ ಒಂದು ಊರಿದೆ (ಹೌದು, ಬಿಯರ್), ಅಲ್ಲಿನ ಕಂಪನಿ. ನಾನು ತಗೊಂಡದ್ದು ಮೀಡಿಯಂ ಅಳತೆಯ ಎಲೆಕ್ಟ್ರೋಫ್ರಾಗ್, ಕೋಡ್ 100: ಬಲಕ್ಕೆ ಎಸ್‌ಎಲ್-ಇ95, ಎಡಕ್ಕೆ ಎಸ್‌ಎಲ್-ಇ96. ಕೋಡ್ 100 ಅಂದರೆ ಹಳಿಯ ಎತ್ತರ ಇಂಚಿನ ಸಾವಿರದಲ್ಲಿ ನೂರು ಭಾಗ, 2.54 ಮಿ.ಮೀ. ಕೋಡ್ 75 ನೋಡಲು ಚೆನ್ನ, ನಿಜವಾದ ಹಳಿಗೆ ಹತ್ತಿರ. ಆದರೆ ನನ್ನ ಹಳೇ ವ್ಯಾಗನ್‌ಗಳ ಚಕ್ರದ ಅಂಚು ಆಳ, ಕೋಡ್ 75ರಲ್ಲಿ ಹಳಿಯ ಕೆಳಗಿನ ಸ್ಲೀಪರಿಗೆ ತಾಗುತ್ತಿತ್ತು. ಹೊಸಬರಿಗೆ ಕೋಡ್ 100 ಸಾಕು. ಬಣ್ಣ ಬಳಿದು ಜಲ್ಲಿ ಹಾಕಿದರೆ ಯಾರಿಗೂ ಗೊತ್ತಾಗಲ್ಲ.

ಎಲೆಕ್ಟ್ರೋಫ್ರಾಗ್‌ನಲ್ಲಿ ಕ್ರಾಸಿಂಗೂ ಲೋಹವೇ. ಪಾಯಿಂಟ್ ಯಾವ ಕಡೆಗೆ ತಿರುಗಿದೆಯೋ ಆ ಕಡೆಯ ಕರೆಂಟ್ ಅದಕ್ಕೆ ಸಿಗುತ್ತದೆ. ನನ್ನ ಶಂಟರ್ ಇರುವೆಯ ಹಾಗೆ ತೆವಳಿಕೊಂಡು ದಾಟಿದ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಅಂಥ ಆಶ್ಚರ್ಯ ಆಗಲಿಲ್ಲ.

ಇದರಲ್ಲಿ ಎಚ್ಚರ ತಪ್ಪುವ ಜಾಗ ಒಂದಿದೆ. ಫ್ರಾಗ್‌ನಿಂದ ಹೊರಡುವ ಎರಡೂ ಒಳಹಳಿಗಳ ತುದಿಗೆ ಪ್ಲಾಸ್ಟಿಕ್ ಜಾಯಿನರ್ (ಕರೆಂಟ್ ಹಾಯದ ಹಾಗೆ ಹಳಿ ಜೋಡಿಸುವ ತುಂಡು) ಹಾಕಬೇಕು. ಲೂಪಿನ ಎರಡೂ ತುದಿಯಲ್ಲಿ ಪಾಯಿಂಟ್ಸ್ ಇರುವಾಗ ಹಾಕದಿದ್ದರೆ ಶಾರ್ಟ್ ಆಗುತ್ತದೆ. ಎರಡು ಸಂಜೆ ಕಂಟ್ರೋಲರ್ ಕೆಟ್ಟಿದೆ ಅಂತ ಬೈದುಕೊಂಡು ಕೂತಿದ್ದೆ, ಕೆಟ್ಟದ್ದು ನನ್ನ ವೈರಿಂಗು. ಈಗ ಯೂನಿಫ್ರಾಗ್ ಅನ್ನುವುದು ಬರುತ್ತಿದೆ. ಅದರಲ್ಲಿ ಫ್ರಾಗ್ ಮೊದಲೇ ಬೇರ್ಪಟ್ಟಿರುತ್ತದೆ, ಬೇಕಿದ್ದರೆ ತಂತಿ ಕೊಟ್ಟುಕೊಳ್ಳಬಹುದು. ಇಂದು ಶುರು ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಎದುರುಮನೆಯಲ್ಲಿ ರೈಲ್ವೆಯ ಟ್ರ್ಯಾಕ್ ಕೆಲಸದಲ್ಲಿದ್ದು ನಿವೃತ್ತರಾದವರೊಬ್ಬರಿದ್ದಾರೆ. ಒಂದು ದಿನ ಬಂದು, ಕನ್ನಡಕ ಏರಿಸಿ, ಬಗ್ಗಿ ನೋಡಿದರು. "ಇದು ಒನ್ ಇನ್ ಎಷ್ಟು?" ಅಂದರು. ಎಷ್ಟು ದೂರ ಹೋದರೆ ಕವಲು ಒಂದರಷ್ಟು ಅಗಲುತ್ತದೆ ಅನ್ನುವ ಲೆಕ್ಕ ಅದು. "ಹನ್ನೆರಡು ಡಿಗ್ರಿ ಸರ್" ಅಂದೆ. "ಡಿಗ್ರಿ ಬೇಡ, ಒನ್ ಇನ್ ಎಷ್ಟು ಹೇಳಿ." ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಒನ್ ಇನ್ ನಾಲ್ಕೂಮುಕ್ಕಾಲು. ಅವರು ನಗು ತಡೆಯಲಿಲ್ಲ. ನಮ್ಮ ಪ್ಯಾಸೆಂಜರ್ ಲೈನಿನಲ್ಲಿ ಸಾಮಾನ್ಯವಾಗಿ ಇರುವುದು ಒನ್ ಇನ್ ಟ್ವೆಲ್ವ್, ಅದರ ತಿರುವಿನ ತ್ರಿಜ್ಯ 441 ಮೀಟರ್. 1:87ರಲ್ಲಿ ಅದು ಐದು ಮೀಟರ್ ದಾಟುತ್ತದೆ. ನನ್ನ ಮೀಡಿಯಂ ಪಾಯಿಂಟಿನದು 914 ಮಿ.ಮೀ. ಆದರೂ ಉದ್ದನೆಯ ಬೋಗಿಗಳು ಅದರಲ್ಲಿ ಬೀಳದೆ ಹೋಗುತ್ತವೆ. 610 ಮಿ.ಮೀ.ನ ಸ್ಮಾಲ್ ತಗೊಳ್ಳಬೇಡಿ ಅಂತಲೇ ಹೇಳುತ್ತೇನೆ. ಓಡುತ್ತದೆ, ಆದರೆ ಬೋಗಿಗಳ ಮೂಲೆ ಒಂದಕ್ಕೊಂದು ತಾಗುವಷ್ಟು ಸೊಟ್ಟಗೆ.

ಒಂದೊಂದು ಮೀಡಿಯಂ 219 ಮಿ.ಮೀ. ಉದ್ದ. ನನ್ನ ಬೋರ್ಡಿನಲ್ಲಿ ಎರಡು ತುದಿಯ ತಿರುವು ಕಳೆದು, ಎರಡು ಪಾಯಿಂಟ್ಸ್ ಕಳೆದರೆ ಲೂಪಿಗೆ ಉಳಿಯುವುದು 90 ಸೆಂ.ಮೀ.ಗೂ ಕಡಿಮೆ. ಎಂಜಿನ್ 20, ಬೋಗಿ 24.5. ಎರಡು ಬೋಗಿ ಹಿಡಿಸುತ್ತದೆ, ಮೂರನೆಯದು ಮೇನ್ ಲೈನಿಗೆ ಬಾಲ ಚಾಚಿಕೊಂಡು ನಿಲ್ಲುತ್ತದೆ. ಕಾಗದದ ಮೇಲೆ ಬರೀ ಗೆರೆ ಎಳೆದು ಪ್ಲಾನ್ ಮಾಡಿದ್ದರ ಫಲ ಇದು. ಪಾಯಿಂಟಿನ ಅಳತೆಗೆ ರಟ್ಟು ಕತ್ತರಿಸಿ ಬೋರ್ಡಿನ ಮೇಲೆ ಇಟ್ಟು ನೋಡಿ, ಆಮೇಲೆ ಆರ್ಡರ್ ಮಾಡಿ.

ಮೋಟಾರಿನ ವಿಷಯ. ಹಳೇ ಸೆಟ್ಟಿನಲ್ಲಿ ಪಾಯಿಂಟ್ ತಿರುಗಿಸಲು ಇದ್ದದ್ದು ಕಾಯಿಲ್ ಮೋಟಾರ್. ಬಟನ್ ಒತ್ತಿ ತಕ್ಷಣ ಬಿಡಬೇಕು. ಮಗ ಒತ್ತಿಕೊಂಡೇ ನಿಂತ, ಹೊಗೆ ಬಂತು. ಈಗ ಮುಂದಿನ ನಾಲ್ಕಕ್ಕೆ ಮೋಟಾರೇ ಇಲ್ಲ. ಪೆಕೊದಲ್ಲಿ ಒಳಗೊಂದು ಸ್ಪ್ರಿಂಗ್ ಇದೆ, ಬೆರಳಲ್ಲಿ ತಳ್ಳಿದರೆ ಟಕ್ ಅಂತ ಆಚೆ ಕೂತು ಅಲ್ಲೇ ಹಿಡಿದುಕೊಳ್ಳುತ್ತದೆ. ಪಾಯಿಂಟ್ಸ್‌ಮನ್ ಕೆಲಸ ನಾನೇ ಮಾಡುತ್ತೇನೆ, ಅದರಲ್ಲೇ ಮಜಾ ಜಾಸ್ತಿ. ಗುಡ್ಡದ ಹಿಂದಿನ ಮೂರಕ್ಕೆ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುವ 9 ಗ್ರಾಂ ಸರ್ವೋ (ಹೇಳಿದಷ್ಟೇ ತಿರುಗುವ ಪುಟ್ಟ ಮೋಟಾರ್) ಮತ್ತು ಅದನ್ನು ನಡೆಸಲು ಒಂದು ಆರ್ಡುಯಿನೊ ಬೋರ್ಡು ಸಾಕಾಯಿತು. ಅಲ್ಲಿ ಸ್ಪ್ರಿಂಗ್ ತೆಗೆದಿದ್ದೇನೆ. ಕರೆಂಟ್ ಹೋಗಿ ಬಂದಾಗ ಸರ್ವೋ ಒಮ್ಮೆ ಬೆಚ್ಚಿಬೀಳುತ್ತದೆ, ಅಷ್ಟು ಬಿಟ್ಟರೆ ತೊಂದರೆ ಇಲ್ಲ.

ಈ ಏಳು ವರ್ಷದಲ್ಲಿ ಒಂದೇ ಒಂದು ಪಾಯಿಂಟ್ ಕೈಕೊಟ್ಟಿತು, ಅದೂ ನನ್ನಿಂದ. ಜಲ್ಲಿಗೆ ನೀರು ಬೆರೆಸಿದ ಮರದ ಅಂಟು ಹಾಕುವಾಗ ಟಂಗ್ ರೈಲಿನ (ಪಾಯಿಂಟ್ ತಿರುಗಿದಾಗ ಆಚೀಚೆ ಸರಿಯುವ ಹಳಿ) ಕೆಳಗೆ ಹರಿದು, ಬೆಳಿಗ್ಗೆ ಕಲ್ಲಾಗಿತ್ತು. ಪಾಯಿಂಟಿನ ಹತ್ತಿರ ಅಂಟನ್ನು ಸಿರಿಂಜಿನಲ್ಲಿ ಹನಿ ಹನಿಯಾಗಿ ಬಿಡಿ. ಟಂಗ್ ರೈಲು ತಾಗುವ ಒಳಮೈಗೆ ಬಣ್ಣ ತಾಗಿಸಬೇಡಿ, ಕರೆಂಟ್ ಅಲ್ಲಿಂದಲೇ ಹೋಗಬೇಕು. ಆರು ತಿಂಗಳಿಗೊಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುತ್ತೇನೆ.

ಗಾಡಿ ಹಳಿ ತಪ್ಪಿದರೆ ಪಾಯಿಂಟನ್ನು ಬೈಯುವ ಮೊದಲು ಒಂದು ನೋಡಿ: ಒಂದೇ ವ್ಯಾಗನ್ ಎಲ್ಲ ಕಡೆ ಬೀಳುತ್ತಿದೆಯೋ, ಎಲ್ಲ ವ್ಯಾಗನ್‌ಗಳೂ ಒಂದೇ ಕಡೆ ಬೀಳುತ್ತಿವೆಯೋ? ನನ್ನಲ್ಲಿ ಬಹುತೇಕ ಮೊದಲನೆಯದೇ. ಎರಡು ಚಕ್ರಗಳ ಒಳಅಂತರ ಸುಮಾರು 14.4 ಮಿ.ಮೀ. ಇರಬೇಕು. ಒಂದು ಅಗ್ಗದ ವ್ಯಾಗನ್ನಿನದು 14 ಇತ್ತು, ಕ್ರಾಸಿಂಗ್ ಎದುರಿನ ಚೆಕ್ ರೈಲಿಗೆ (ಚಕ್ರವನ್ನು ದಾರಿ ತಪ್ಪದಂತೆ ಹಿಡಿಯುವ ಪುಟ್ಟ ಹಳಿ) ಸಿಕ್ಕಿ ಮೇಲೇರುತ್ತಿತ್ತು.

ಬೆಲೆ ಮಾತ್ರ ಹೊಟ್ಟೆ ಉರಿಸುತ್ತದೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಹೋಯಿತು. ಕಸ್ಟಮ್ಸ್ ಕಣ್ಣಿಗೆ ನಮ್ಮ ರೈಲೂ ಆಟಿಕೆಯೇ. ಗುಡ್ಡದ ಹಿಂದಿನ ಸೈಡಿಂಗಿಗೆ ಇನ್ನೊಂದು ಕವಲು ಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಗೆಳೆಯನ ಮಗ ಡಿಸೆಂಬರಿನಲ್ಲಿ ಲಂಡನ್ನಿನಿಂದ ಬರುತ್ತಾನೆ. ಚೀಟಿ ಕಳಿಸಿದ್ದೇನೆ: ಎಡಗಡೆಯದು ಒಂದು, ಮೀಡಿಯಂ, ಜೊತೆಗೆ ಪ್ಲಾಸ್ಟಿಕ್ ಜಾಯಿನರ್ ಒಂದು ಪ್ಯಾಕೆಟ್ಟು.