ಬಾಮ್ ಎಲ್ಲಿಡೋದು: ಶೀಟಾ, ದುಡ್ಡು ಕೊಟ್ಟ ಸಾಫ್ಟ್‌ವೇರಾ, ಕಿಕ್ಯಾಡಾ?

ಬಾಮ್ ಅಂದ್ರೆ ಬಿಲ್ ಆಫ್ ಮೆಟೀರಿಯಲ್ಸ್, ಒಂದು ಸರ್ಕ್ಯೂಟ್ ಬೋರ್ಡಿಗೆ ಬೇಕಾದ ಪಾರ್ಟುಗಳ ಪಟ್ಟಿ. ಅದನ್ನ ಎಲ್ಲಿಡೋದು ಅನ್ನೋದಕ್ಕೆ ಮೊದ್ಲೇ ಹೇಳ್ಬಿಡ್ತೀನಿ, ನನ್ ವೋಟು ಕಿಕ್ಯಾಡ್ (ಬೋರ್ಡ್ ಡಿಸೈನ್ ಮಾಡೋ ಓಪನ್ ಸೋರ್ಸ್ ಸಾಫ್ಟ್‌ವೇರ್) ಮತ್ತೆ ಗಿಟ್ (ಫೈಲಲ್ಲಿ ಯಾವಾಗ ಏನು ಬದಲಾಯ್ತು ಅಂತ ಲೆಕ್ಕ ಇಡೋ ಟೂಲು) ಜೋಡಿಗೆ. ದುಡ್ಡು ಕೊಟ್ಟು ತಗೊಂಡ ಬಾಮ್ ಸಾಫ್ಟ್‌ವೇರ್ ಇನ್ನೂ ಲ್ಯಾಪ್‌ಟಾಪಲ್ಲೇ ಇದೆ, ಲೈಸೆನ್ಸ್ ಮುಗಿಯೋವರ್ಗೂ ಇರುತ್ತೆ, ರಿನ್ಯೂ ಅಂತೂ ಮಾಡಲ್ಲ. ನಮ್ದು ರಾಜಾಜಿನಗರದಲ್ಲಿ ಇಬ್ರು ಸೇರಿ ನಡೆಸೋ ಸಣ್ಣ ಕೆಲ್ಸ, ಮೋಟಾರ್ ಕಂಟ್ರೋಲರ್ ಬೋರ್ಡು. ಸಾಮಾನು ಅರ್ಧ ಎಸ್‌ಪಿ ರೋಡಲ್ಲಿ, ಅರ್ಧ ಆನ್‌ಲೈನಲ್ಲಿ, ಅಸೆಂಬ್ಲಿ ಪೀಣ್ಯದಲ್ಲಿ.

ಶೀಟು, ಅಂದ್ರೆ ಸ್ಪ್ರೆಡ್‌ಶೀಟು, ಪುಕ್ಕಟೆ ಸಿಗುತ್ತೆ, ಎಲ್ರಿಗೂ ಬರುತ್ತೆ, ಅದ್ರ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ. ಆದ್ರೆ ಒಂದು ಕಿರಿಕಿರಿ ಇದೆ, ಅದನ್ನ ಹೇಳ್ಲೇಬೇಕು.

ಮೋಲೆಕ್ಸ್ ಕೆಕೆ ಸೀರೀಸಲ್ಲಿ ಮೂರು ಪಿನ್ ಹೌಸಿಂಗ್ (ವೈರ್ ಕನೆಕ್ಟರಿನ ಪ್ಲಾಸ್ಟಿಕ್ ಕವಚ) ಬರುತ್ತಲ್ಲ, ಪಾರ್ಟ್ ನಂಬರ್ 22-01-3037. ನಮ್ಮ ಕಡೆ ಕಂಪ್ಯೂಟರ್ ಸೆಟ್ಟಿಂಗಲ್ಲಿ ದಿನ-ತಿಂಗಳು-ವರ್ಷ ಇರುತ್ತೆ, ಹಾಗಾಗಿ ಶೀಟು ಇದನ್ನ 3037ನೇ ಇಸವಿ ಜನವರಿ 22 ಅಂದ್ಕೊಂಡ್‌ಬಿಡುತ್ತೆ. ಮಜಾ ಏನಂದ್ರೆ ಕಣ್ಣಿಗೆ ಕಾಣೋದು ಅದೇ 22-01-3037, ಏನೂ ಆಗಿಲ್ಲ ಅನ್ಸುತ್ತೆ, ಒಳಗಡೆ ಕೂತಿರೋದು ಮಾತ್ರ 415304, ಅಂದ್ರೆ 1900ರಿಂದ ಎಣಿಸಿದ ದಿನದ ಲೆಕ್ಕ. ಆ ಶೀಟನ್ನ ದುಡ್ಡು ಕೊಟ್ಟ ಸಾಫ್ಟ್‌ವೇರ್‌ಗೆ ಇಂಪೋರ್ಟ್ ಮಾಡಿದ್ರೆ ಅದು ಒಳಗಿನ ನಂಬರನ್ನೇ ಎತ್ಕೊಂಡು, 415304 ಅಂತ ಹೊಸ ಪಾರ್ಟ್ ಹುಟ್ಸಿ, ಬೆಲೆ ಸಿಗ್ಲಿಲ್ಲ ಅಂತ ಸೊನ್ನೆ ಹಾಕಿ, ಟೋಟಲ್ ತೋರಿಸ್ತು. ಒಂದು ವಾರ್ನಿಂಗ್ ಇಲ್ಲ. ಟೋಟಲ್ ಕಮ್ಮಿ ಬಂತು ಅಂತ ನಾವು ಖುಷಿ, ಪೀಣ್ಯದಿಂದ ಫೋನು, 'ಸಾರ್, ಹೌಸಿಂಗೇ ಬಂದಿಲ್ವಲ್ಲ'.

ಸರಿ, ಇದೇ ಪಾರ್ಟನ್ನ ಹೈಫನ್ ಇಲ್ದೆ 0022013037 ಅಂತಾನೂ ಬರೀತಾರೆ, ಹಾಗೇ ಹಾಕೋಣ ಅಂದ್ರೆ ಮುಂದಿನ ಎರಡು ಸೊನ್ನೆ ಮಾಯ. 0603 ಸೈಜಿನ ರೆಸಿಸ್ಟರ್ ಕೂಡ 603 ಆಗುತ್ತೆ. ಕಾಲಂನ ಮೊದ್ಲೇ ಟೆಕ್ಸ್ಟ್ ಅಂತ ಮಾಡಿಟ್ರೆ ಮಾತ್ರ ಉಳಿಯುತ್ತೆ, ಆದ್ರೆ ಸಿಎಸ್‌ವಿ ಫೈಲನ್ನ, ಅಂದ್ರೆ ಕಾಮಾ ಹಾಕಿ ಬರೆದ ಸಾದಾ ಟೆಕ್ಸ್ಟ್ ಪಟ್ಟಿನ, ಯಾರೋ ಡಬಲ್ ಕ್ಲಿಕ್ ಮಾಡಿ ತೆಗೆದ್ರೆ ಮತ್ತೆ ಅದೇ ಕಥೆ. ಈ ಚಾಳಿ ತಡ್ಕೊಳ್ಳೋಕಾಗ್ದೆ 2020ರಲ್ಲಿ ವಿಜ್ಞಾನಿಗಳು ಮನುಷ್ಯರ ಜೀನ್‌ಗಳಿಗೇ ಬೇರೆ ಹೆಸರಿಟ್ರು, ಮಾರ್ಚ್1 ಅನ್ನೋ ಜೀನು ತಾರೀಖಾಗಿ ಹೋಗ್ತಿತ್ತಂತೆ. ನಾವು ಮೋಲೆಕ್ಸ್‌ನೋರಿಗೆ ಹೇಳೋಕಾಗುತ್ತಾ!

ಆ ಸಾಫ್ಟ್‌ವೇರಲ್ಲಿ ಒಳ್ಳೇದೂ ಇದೆ, ನಾಲ್ಕೈದು ಡಿಸ್ಟ್ರಿಬ್ಯೂಟರ್ ಬೆಲೆ ಒಂದೇ ಕಡೆ ಕಾಣುತ್ತೆ, ಅದು ನಿಜವಾಗ್ಲೂ ಸುಖ. ಆದ್ರೆ ಇಡೀ ಪ್ರಾಜೆಕ್ಟು ಒಂದೇ ಬೈನರಿ ಫೈಲು. ಏನು ಬದಲಾಯ್ತು ಅಂತ ಗಿಟ್‌ಗೂ ಗೊತ್ತಾಗಲ್ಲ, ನನ್ ಪಾರ್ಟ್ನರ್ ಓಪನ್ ಮಾಡಿಟ್ಟು ಊಟಕ್ಕೆ ಹೋದ್ರೆ ನಂಗೆ ಲಾಕು.

ಕಿಕ್ಯಾಡಲ್ಲಿ ಪಾರ್ಟ್ ನಂಬರ್ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ಚಿತ್ರ) ಸಿಂಬಲ್ ಒಳಗೇ ಫೀಲ್ಡ್ ಆಗಿ ಕೂರುತ್ತೆ, ಇಂಪೋರ್ಟ್ ಅನ್ನೋ ಮಾತೇ ಇಲ್ಲ, ತಾರೀಖೂ ಆಗಲ್ಲ. ಸ್ಕೀಮ್ಯಾಟಿಕ್ಕು, ಪ್ರಾಜೆಕ್ಟ್ ಫೈಲು ಎರಡೂ ಓದೋಕೆ ಆಗೋ ಟೆಕ್ಸ್ಟು, 2024ರಲ್ಲಿ ಬಂದ 8ನೇ ವರ್ಷನ್ನಿಂದ ಕಮಾಂಡ್ ಲೈನಿಂದ್ಲೇ ಬಾಮ್ ತೆಗೀಬಹುದು. ಸ್ಕೀಮ್ಯಾಟಿಕ್ ಡಿಫಲ್ಲಿ, ಅಂದ್ರೆ ಹಳೇದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಅಂತ ಗಿಟ್ ತೋರಿಸೋದ್ರಲ್ಲಿ, ಯಾವ್ದು ಎಲ್ಲಿ ಕೂತಿದೆ ಅನ್ನೋ ಎಕ್ಸ್-ವೈ ನಂಬರ್‌ಗಳ ಜಾತ್ರೆ ಇರುತ್ತೆ, ಅದಕ್ಕೆ ಪ್ರತಿ ರಿಲೀಸಿಗೂ ತೆಗೆದ ಸಿಎಸ್‌ವಿನೂ ಜೊತೆಗೇ ಗಿಟ್ಟಿಗೆ ಸೇರಿಸ್ತೀನಿ, ಯಾವ ಕೆಪಾಸಿಟರ್ ಬದಲಾಯ್ತು ಅಂತ ಒಂದೇ ಸಾಲಲ್ಲಿ ಕಾಣುತ್ತೆ. ಪೀಣ್ಯಕ್ಕೆ ಮಾತ್ರ ಪಿಡಿಎಫ್ಫೂ ಕಳಿಸ್ತೀನಿ, ಅವ್ರು ಡಬಲ್ ಕ್ಲಿಕ್ ಮಾಡೋದು ಗ್ಯಾರಂಟಿ.

ಸ್ಟಾಕ್ ಲೆಕ್ಕ ಕಿಕ್ಯಾಡ್ ಇಡಲ್ಲ. ಅದು ಬೇಕಂದ್ರೆ ಇನ್ವೆನ್‌ಟ್ರೀ ಇದೆ, ಅದೂ ಓಪನ್ ಸೋರ್ಸು, ಆದ್ರೆ ಸರ್ವರ್ ಓಡಿಸ್ಕೊಂಡು ಕೂರೋ ತಾಳ್ಮೆ ನಂಗಿಲ್ಲ, ಡಬ್ಬಿ ಮೇಲೆ ಬರೆದಿಡ್ತೀನಿ.

ಪರ್ಚೇಸ್‌ಗೆ ಅಂತ ಬೇರೆ ಆಳಿದ್ದು, ದಿನಾ ಕೊಟೇಶನ್ ತೆಗೆಯೋ ಕಂಪನಿ ನಿಮ್ದಾದ್ರೆ ದುಡ್ಡು ಕೊಟ್ಟು ತಗೊಳ್ಳಿ, ಟ್ರಯಲಲ್ಲಿ ಮೊದ್ಲು 22-01-3037 ಇಂಪೋರ್ಟ್ ಮಾಡಿ ನೋಡಿ. ನಮ್ಮಂಗೆ ಇಬ್ರೇ ಇದ್ದು ಬೋರ್ಡೂ ನೀವೇ ಡಿಸೈನ್ ಮಾಡೋದಾದ್ರೆ ಲೈಸೆನ್ಸಿಗೆ ಕೊಡೋ ಆ ಒಂದು ವರ್ಷದ ದುಡ್ಡಲ್ಲಿ ಎಸ್‌ಪಿ ರೋಡಿಗೆ ಹೋಗಿ ಬಿಸಿ ಗಾಳಿಲಿ ಬೆಸುಗೆ ಹಾಕೋ, ಬಿಚ್ಚೋ ಒಂದು ಹಾಟ್ ಏರ್ ಸ್ಟೇಷನ್ ತನ್ನಿ.