ಕುಡಿತ ನಿಂತ ಮೇಲೆ ಉಳಿಯುವ ಕೆಲಸ: ತುಮಕೂರಿನ ಒಂದು ವ್ಯಸನಮುಕ್ತಿ ಕೇಂದ್ರದ ಕುರಿತು

ತುಮಕೂರು ನಗರದ ಹೊರವಲಯದಲ್ಲಿ ಟ್ರಸ್ಟೊಂದು ನಡೆಸುತ್ತಿರುವ ವಸತಿಸಹಿತ ವ್ಯಸನಮುಕ್ತಿ ಕೇಂದ್ರದ ವಿಮರ್ಶೆ ಇದು. ಅಲ್ಲಿ ಚಿಕಿತ್ಸೆಯಲ್ಲಿರುವವರ ಖಾಸಗಿತನವನ್ನು ಕಾಪಾಡಬೇಕಾದ್ದರಿಂದ ಕೇಂದ್ರದ ಹೆಸರನ್ನಾಗಲಿ ಅದು ಇರುವ ಬಡಾವಣೆಯನ್ನಾಗಲಿ ಬರೆಯುತ್ತಿಲ್ಲ. ನನ್ನ ತಮ್ಮ ಅಲ್ಲಿ ಒಳರೋಗಿಯಾಗಿದ್ದ, ಈಗ ಭಾನುವಾರದ ಫಾಲೋ ಅಪ್ ಸಭೆಗೆ ಹೋಗುತ್ತಾನೆ. ಇಲ್ಲಿರುವ ಪ್ರತಿಯೊಂದು ಮಾತನ್ನೂ ಅವನಿಗೆ ಓದಿ ಹೇಳಿ, ಅವನು ಒಪ್ಪಿದ್ದನ್ನಷ್ಟೇ ಉಳಿಸಿದ್ದೇನೆ. ಇಂಥ ಕೇಂದ್ರಗಳನ್ನು ನಮ್ಮ ಜನ ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ ಅಳೆಯುತ್ತಾರೆ: ಹೊರಗೆ ಬಂದವನು ಮತ್ತೆ ಕುಡಿದನೋ ಇಲ್ಲವೋ. ಆ ಪ್ರಶ್ನೆ ಮುಖ್ಯವೇ. ಆದರೆ ಕುಡಿತ ನಿಂತ ಮನೆಯಲ್ಲೂ ಸುಳ್ಳು, ಸಿಡುಕು, ಹಗೆ, ತನಗೇ ಎಲ್ಲರೂ ಅನ್ಯಾಯ ಮಾಡಿದರೆಂಬ ಕೊರಗು ಹಾಗೇ ಉಳಿದಿರುತ್ತವೆ ಎಂಬುದನ್ನು ಅಂಥ ಮನೆಯಲ್ಲಿ ಬದುಕಿದವರು ಬಲ್ಲರು. ಆ ಗುಣಗಳ ವಿಷಯದಲ್ಲಿ ಈ ಕೇಂದ್ರ ಏನು ಮಾಡುತ್ತದೆ ಎಂಬುದರ ಮೇಲೆಯೇ ನಾನು ಅದನ್ನು ತೂಗಿದ್ದೇನೆ.

ಮೊದಲು ವೈದ್ಯಕೀಯ ವಿಷಯವನ್ನು ಹೇಳಿಬಿಡುತ್ತೇನೆ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಭ್ರಮೆ, ತೀವ್ರ ನಡುಕ, ಜ್ವರಗಳು ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಈ ಕೇಂದ್ರದವರು ಕುಡಿದ ಸ್ಥಿತಿಯಲ್ಲಿ ಬಂದವರನ್ನು ನೇರವಾಗಿ ಸೇರಿಸಿಕೊಳ್ಳುವುದಿಲ್ಲ. ಮನೋವೈದ್ಯರಿರುವ ಆಸ್ಪತ್ರೆಯಲ್ಲಿ ಆ ದಿನಗಳು ಕಳೆದು, ಬಿ1 ಜೀವಸತ್ವದ ಚುಚ್ಚುಮದ್ದು ಮೊದಲಾದ ಚಿಕಿತ್ಸೆ ಮುಗಿದು, ವೈದ್ಯರ ಚೀಟಿ ತಂದ ಮೇಲೆಯೇ ಹಾಸಿಗೆ ಕೊಡುತ್ತಾರೆ. ಅವಸರದಲ್ಲಿರುವ ಮನೆಯವರಿಗೆ ಇದು ಸತಾಯಿಸಿದಂತೆ ಕಾಣುತ್ತದೆ. ನನಗೆ ಇದು ಆ ಸಂಸ್ಥೆಯ ಪ್ರಾಮಾಣಿಕತೆಯ ಮೊದಲ ಗುರುತಾಗಿ ಕಂಡಿತು.

ಕೇಂದ್ರದ ಕ್ರಮ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘದ ಹನ್ನೆರಡು ಹೆಜ್ಜೆಗಳನ್ನು ಆಧರಿಸಿದೆ. ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್, ಇಬ್ಬರೂ ಸ್ವತಃ ಕುಡಿತದಿಂದ ನೊಂದವರು, ಆರಂಭಿಸಿದ ಈ ಸಂಘದ ಹೆಜ್ಜೆಗಳು 1939ರಲ್ಲಿ ಅಚ್ಚಾದವು. ಅವುಗಳನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ತಿಳಿಯುತ್ತದೆ. ಮದ್ಯದ ಮಾತು ಬರುವುದು ಮೊದಲನೆಯ ಹೆಜ್ಜೆಯಲ್ಲಿ; ಹನ್ನೆರಡನೆಯದರಲ್ಲಿ ಇತರ ವ್ಯಸನಿಗಳಿಗೆ ನೆರವಾಗುವ ಪ್ರಸ್ತಾಪವಿದೆ. ನಡುವಿನ ಹತ್ತೂ ದೈವದ ಮೇಲಿನ ನಂಬಿಕೆ, ತನ್ನ ಗುಣದೋಷಗಳ ಪರಿಶೀಲನೆ, ತಪ್ಪೊಪ್ಪಿಗೆ, ಹಾನಿಯ ಪರಿಹಾರ, ನಿತ್ಯದ ಎಚ್ಚರಗಳ ಕುರಿತವು. ಹೀಗಿದ್ದೂ ಈ ಹೆಜ್ಜೆಗಳನ್ನು ಗೋಡೆಯ ಮೇಲೆ ಬರೆಸಿ, ಬೆಳಿಗ್ಗೆ ಪ್ರಾರ್ಥನೆಯಂತೆ ಒಟ್ಟಾಗಿ ಹೇಳಿಸಿ ಅಷ್ಟಕ್ಕೇ ಬಿಟ್ಟುಬಿಡುವ ಕಡೆಯೂ ನನ್ನ ತಮ್ಮ ಹಿಂದೆ ಇದ್ದು ಬಂದಿದ್ದ. ಅಲ್ಲಿಂದ ಬಂದಾಗ ಅವನಿಗೆ ಹನ್ನೆರಡೂ ಹೆಜ್ಜೆಗಳು ಬಾಯಿಪಾಠವಾಗಿದ್ದವು, ಸ್ವಭಾವದಲ್ಲಿ ಮಾತ್ರ ಕಿಂಚಿತ್ತೂ ವ್ಯತ್ಯಾಸವಿರಲಿಲ್ಲ.

ಇಲ್ಲಿ ನಾಲ್ಕನೆಯ ಹೆಜ್ಜೆಗೆ, ಅಂದರೆ ತನ್ನ ಗುಣಾವಗುಣಗಳ ನಿರ್ಭಯವಾದ ಲೆಕ್ಕ ಬರೆಯುವುದಕ್ಕೆ, ವಾರಗಟ್ಟಲೆ ಸಮಯ ಕೊಡುತ್ತಾರೆ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂಗಳು: ಯಾರ ಮೇಲೆ ಸಿಟ್ಟು, ಯಾವ ಕಾರಣಕ್ಕೆ, ಅದರಿಂದ ನನ್ನಲ್ಲಿ ಪೆಟ್ಟಾದದ್ದು ಯಾವುದು, ಅದರಲ್ಲಿ ನನ್ನ ಪಾಲೆಷ್ಟು. ಮೊದಲ ಎರಡು ಕಲಂಗಳು ಎಲ್ಲರಿಗೂ ಸರಾಗವಾಗಿ ತುಂಬುತ್ತವೆ. ನನ್ನ ತಮ್ಮ ಮೊದಲನೆಯ ಸಾಲಿನಲ್ಲೇ ನಮ್ಮ ದೊಡ್ಡಪ್ಪನ ಮಗನ ಹೆಸರು ಬರೆದ. ತೋಟಕ್ಕೆ ಹಂಚಿಕೆಯಲ್ಲಿದ್ದ ಕೊಳವೆಬಾವಿಯ ನೀರನ್ನು ಅವನು ತಡೆದನೆಂಬುದು ಕಾರಣ. ಮನೆಯಲ್ಲಿ ಆ ಕಥೆಯನ್ನು ನಾವು ಕೇಳದ ಹಬ್ಬವಿರಲಿಲ್ಲ. ನಾಲ್ಕನೆಯ ಕಲಂ ಬಹಳ ದಿನ ಖಾಲಿಯಿತ್ತು. ಕೌನ್ಸೆಲರ್ ಒತ್ತಾಯಿಸಲಿಲ್ಲ, ಬೈಯಲಿಲ್ಲ, ಪ್ರತಿದಿನ ಬಂದು ಖಾಲಿ ಜಾಗವನ್ನು ನೋಡಿ ಮುಂದಿನವರ ಬಳಿಗೆ ಹೋಗುತ್ತಿದ್ದರಂತೆ. ಕೊನೆಗೆ ಅವನು ಬರೆದದ್ದು ಇಷ್ಟು: ಮೋಟಾರು ಸುಟ್ಟಾಗ ರಿಪೇರಿಗೆ ತನ್ನ ಪಾಲಿನ ಹಣವನ್ನು ಕೊಡದೆ ಅದನ್ನು ಬಾರಿಗೆ ಕೊಟ್ಟದ್ದು, ಕೇಳಲು ಬಂದವನನ್ನು ಊರವರ ಮುಂದೆ ನಿಂದಿಸಿದ್ದು. ಇದನ್ನು ನಾನು ವಿಸ್ತಾರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಮ್ಮಲ್ಲಿ ಅರಿಷಡ್ವರ್ಗಗಳ ಬಗ್ಗೆ ಪ್ರವಚನ ಕೇಳದವರು ಇಲ್ಲ; ಕಾಮ, ಕ್ರೋಧ, ಲೋಭ ಎಂದು ಮಕ್ಕಳೂ ಪಟ್ಟಿ ಹೇಳುತ್ತಾರೆ. ಕ್ರೋಧ ಕೆಟ್ಟದ್ದೆಂದು ಒಪ್ಪಿಕೊಳ್ಳುವುದು ಯಾರಿಗೂ ಕಷ್ಟವಲ್ಲ, ಸುಟ್ಟ ಮೋಟಾರಿನ ಹಣ ಎಲ್ಲಿ ಹೋಯಿತೆಂದು ಸ್ವಂತ ಕೈಯಿಂದ ಬರೆಯುವುದು ಕಷ್ಟ.

ಅಕ್ಷರ ಬಾರದವರಿಗಾಗಿ ಇರುವ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾಯಿತು. ಶಿರಾ, ಮಧುಗಿರಿ ಕಡೆಯಿಂದ ಬರುವ ಕೂಲಿ ಕಾರ್ಮಿಕರಲ್ಲಿ ಕೆಲವರಿಗೆ ಓದುಬರಹವಿಲ್ಲ. ಅವರು ಹೇಳಿದ್ದನ್ನು ಹಳೆಯ ಸದಸ್ಯರೊಬ್ಬರು ಬರೆದುಕೊಂಡು, ಅವರಿಗೇ ಓದಿ ಹೇಳಿ, ನೋಟ್‌ಬುಕ್ಕನ್ನು ಅವರ ಕೈಗೇ ಒಪ್ಪಿಸುತ್ತಾರೆ. ಬರೆದದ್ದನ್ನು ಇನ್ನೊಬ್ಬ ಮನುಷ್ಯನ ಎದುರು ಒಪ್ಪಿಕೊಳ್ಳುವುದು ಐದನೆಯ ಹೆಜ್ಜೆ. ಕೆಲವು ಕಡೆ ಇದನ್ನು ಸಭೆಯ ಮುಂದೆ ಓದಿಸುವ ರೂಢಿಯಿದೆ, ಅದರಿಂದ ನಾಚಿಕೆ ಹೆಚ್ಚುತ್ತದೆಯೇ ಹೊರತು ಗುಣ ತಿದ್ದುವುದಿಲ್ಲ. ಇಲ್ಲಿ ಅದು ಮುಚ್ಚಿದ ಕೋಣೆಯಲ್ಲಿ ಇಬ್ಬರ ನಡುವೆಯೇ ಮುಗಿಯುತ್ತದೆ, ಮನೆಯವರಿಗೂ ತೋರಿಸುವುದಿಲ್ಲ. ನಾನು ಕೇಳಿದಾಗಲೂ ಕೌನ್ಸೆಲರ್ ವಿನಯದಿಂದಲೇ ನಿರಾಕರಿಸಿದರು. ಮೇಲೆ ಬರೆದದ್ದು ತಮ್ಮ ತಾನಾಗಿ ನನಗೆ ಹೇಳಿದ್ದು.

ದೋಷಗಳನ್ನು ಬಿಡಲು ಮನಸ್ಸನ್ನು ಸಿದ್ಧಗೊಳಿಸಿ, ಅವನ್ನು ನೀಗಿಸೆಂದು ದೇವರಲ್ಲಿ ಬೇಡುವ ಆರು ಮತ್ತು ಏಳನೆಯ ಹೆಜ್ಜೆಗಳ ವಿಷಯದಲ್ಲಿ ಕೇಂದ್ರ ಯಾರ ಮೇಲೂ ಯಾವ ದೇವರನ್ನೂ ಹೇರುವುದಿಲ್ಲ. ಸಿದ್ಧಗಂಗೆಯ ಭಕ್ತರು ವಿಭೂತಿ ಧರಿಸಿ ಕೂರುತ್ತಾರೆ, ಮುಸ್ಲಿಮರು ನಮಾಜಿಗೆ ಎದ್ದು ಹೋಗುತ್ತಾರೆ, ದೇವರನ್ನು ನಂಬದವರು ಗುಂಪಿನ ಬಲವನ್ನೇ ನೆಚ್ಚಿಕೊಳ್ಳುತ್ತಾರೆ. ಬೇಡಿಕೊಂಡ ಮಾತ್ರಕ್ಕೆ ಗುಣ ಹೋಗುವುದಿಲ್ಲವೆಂಬುದು ಅವರಿಗೆ ತಿಳಿದಿದೆ; ಆದ್ದರಿಂದ ಪ್ರತಿಯೊಬ್ಬರ ಮುಖ್ಯ ದೋಷಕ್ಕೆ ಎದುರಾದ ಕೆಲಸವೊಂದನ್ನು ಹಚ್ಚುತ್ತಾರೆ. ಮನೆಯಲ್ಲಿ ತಟ್ಟೆಯನ್ನೂ ಎತ್ತದವರಿಗೆ ಮಧ್ಯಾಹ್ನದ ಮುದ್ದೆ, ಸೊಪ್ಪಿನ ಸಾರು ಬಡಿಸಿ ಎಲ್ಲರದೂ ಆದ ಮೇಲೆ ಉಣ್ಣುವ ಸರದಿ. ಮಾತಿನಲ್ಲಿ ಮೇಲುಗೈ ಸಾಧಿಸುವವರಿಗೆ ಸಭೆಯಲ್ಲಿ ಕೇಳುವುದಷ್ಟೇ ಕೆಲಸ. ಊಟದ ಕೋಣೆಯ ಗೋಡೆಯ ಮೇಲೆ ಹಸಿವು, ಕೋಪ, ಒಂಟಿತನ, ಆಯಾಸ ಎಂಬ ನಾಲ್ಕು ಪದಗಳಿವೆ. ಕುಡಿಯುವ ಆಸೆ ಎದ್ದಾಗ ಈ ನಾಲ್ಕರಲ್ಲಿ ಯಾವುದು ತನ್ನನ್ನು ಹಿಡಿದಿದೆ ಎಂದು ಮೊದಲು ನೋಡಿಕೊಳ್ಳಲು ಕಲಿಸುತ್ತಾರೆ.

ನಮ್ಮ ಸೀಮೆಯ ಎರಡು ರೂಢಿಗಳನ್ನು ಕೇಂದ್ರ ಕಟ್ಟುನಿಟ್ಟಾಗಿ ತಡೆಯುತ್ತದೆ. ಒಂದು, ಆಣೆ. ಕುಡಿಯುವವನನ್ನು ಮನೆದೇವರ ಮುಂದೆ ನಿಲ್ಲಿಸಿ, ಮಕ್ಕಳ ತಲೆಯ ಮೇಲೆ ಕೈಯಿಡಿಸಿ ಪ್ರಮಾಣ ಮಾಡಿಸುವುದು ನಮ್ಮಲ್ಲಿ ಮೊದಲ ಚಿಕಿತ್ಸೆ. ಮುರಿದ ಪ್ರತಿ ಆಣೆಯೂ ಇನ್ನೊಂದು ಸುಳ್ಳಾಗಿ ಅವನ ಮೇಲೆಯೇ ಕೂರುತ್ತದೆ, ಆ ಭಾರವನ್ನು ಮರೆಯಲು ಮತ್ತೆ ಕುಡಿಯುತ್ತಾನೆ ಎಂಬುದು ಅವರ ವಾದ, ಅದು ನನಗೂ ನಿಜವೆನಿಸಿದೆ. ಇನ್ನೊಂದು, ಕಾಲಿಗೆ ಬೀಳುವುದು. ಕಾಲಿಗೆ ಬಿದ್ದವನನ್ನು ಎದುರಿನವರು ಎತ್ತಲೇಬೇಕಾಗುತ್ತದೆ, ಆ ಕ್ಷಣದಲ್ಲಿ ಬಾಕಿಯ ಮಾತು ನಿಂತುಹೋಗುತ್ತದೆ. ಆದ್ದರಿಂದ ಎಂಟು ಮತ್ತು ಒಂಬತ್ತನೆಯ ಹೆಜ್ಜೆಗಳಲ್ಲಿ ಯಾರಿಗೆ, ಏನು, ಎಷ್ಟು, ಯಾವ ತಿಂಗಳಿನೊಳಗೆ ಎಂದು ಬರೆದುಕೊಂಡು ಹೋಗಬೇಕು. ಹೇಳಿದರೆ ಆ ವ್ಯಕ್ತಿಗೋ ಇತರರಿಗೋ ಹಾನಿಯಾಗುವಂತಿದ್ದರೆ ಮಾತ್ರ ವಿನಾಯಿತಿ ಎಂದು ಒಂಬತ್ತನೆಯ ಹೆಜ್ಜೆಯೇ ಹೇಳುತ್ತದೆ.

ನನ್ನ ತಮ್ಮ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ಕುಡಿತದ ವರ್ಷಗಳಲ್ಲಿ ಬೆಳೆಗಾರರೊಬ್ಬರ ಲೆಕ್ಕದಲ್ಲಿ ಹಣ ಮುರಿದುಕೊಂಡಿದ್ದ. ಅದನ್ನು ಹೇಳಿದರೆ ಕೆಲಸ ಹೋಗುತ್ತದೆಂದು ಅವನು ವಿನಾಯಿತಿ ಕೇಳಿದಾಗ ಕೌನ್ಸೆಲರ್, “ಆ ವಿನಾಯಿತಿ ಅವರಿಗಾಗಿ ಇರೋದು, ನಿಮಗಾಗಿ ಅಲ್ಲ” ಎಂದರಂತೆ. ಅವನು ಮೊದಲು ಮಾಲೀಕರಿಗೆ, ಆಮೇಲೆ ಬೆಳೆಗಾರರ ಮನೆಗೆ ಹೋಗಿ ಹೇಳಿದ. ಈಗ ತಿಂಗಳ ಕಂತಿನಲ್ಲಿ ತೀರಿಸುತ್ತಿದ್ದಾನೆ. ಕೆಲಸ ಉಳಿಯಿತು, ಆದರೆ ಗಲ್ಲಾಪೆಟ್ಟಿಗೆಯಿಂದ ಗೋದಾಮಿಗೆ ಹಾಕಿದರು. ಬೆಳೆಗಾರರು ಹಣ ತೆಗೆದುಕೊಳ್ಳುತ್ತಾರೆ, ಮಾತನಾಡಿಸುವುದಿಲ್ಲ. ಅದನ್ನು ಅವರ ಹಕ್ಕೆಂದು ಒಪ್ಪಿಕೊಂಡು ಬರಲು ಕಲಿಸಿದ್ದು ನನ್ನ ದೃಷ್ಟಿಯಲ್ಲಿ ಈ ಕೇಂದ್ರದ ಅತಿ ದೊಡ್ಡ ಕೆಲಸ.

ಅವನು ಪೂರ್ತಿ ಬದಲಾಗಿದ್ದಾನೆಂದು ಬರೆದರೆ ಓದುಗರಿಗೆ ಮೋಸವಾಗುತ್ತದೆ. ಸಿಡುಕು ಕಡಿಮೆಯಾಗಿದೆ, ಹೋಗಿಲ್ಲ. ಕುಡಿತ ಬಿಟ್ಟದ್ದಕ್ಕೆ ಮನೆಯವರು ದಿನವೂ ಮೆಚ್ಚಬೇಕೆಂಬ ನಿರೀಕ್ಷೆ ಇನ್ನೂ ಇದೆ. ಸುಳ್ಳಿನ ಬಗ್ಗೆ ಅವನೇ ಒಮ್ಮೆ, “ಅಕ್ಕ, ಕುಡೀತಿದ್ದಾಗ ಸುಳ್ಳು ಹೇಳೋಕೆ ಒಂದು ಕಾರಣ ಇರ್ತಿತ್ತು. ಈಗ ಕಾರಣಾನೇ ಇಲ್ದೆ ಬಾಯಿಗೆ ಬಂದ್ಬಿಡುತ್ತೆ” ಎಂದ. ಹತ್ತನೆಯ ಹೆಜ್ಜೆಯಂತೆ ರಾತ್ರಿ ಮಲಗುವ ಮುನ್ನ ದಿನದ ಲೆಕ್ಕ ನೋಡುತ್ತಾನೆ. ಹೇಳಿದ ಸುಳ್ಳನ್ನು ಮರುದಿನ ಬೆಳಿಗ್ಗೆ ಹೆಂಡತಿಯ ಬಳಿ ಸರಿಪಡಿಸುತ್ತಾನೆ, ಕೆಲವು ಸಲ ಬಹಳ ಪ್ರಯಾಸದಿಂದ.

ಇನ್ನು ಕೊರತೆಗಳು. ಮನೆಯವರಿಗಾಗಿ ಇರುವ ಕಾರ್ಯಕ್ರಮ ಒಂದೇ ದಿನದ್ದು, ಅದರಲ್ಲೂ ಹೆಚ್ಚಿನ ಮಾತು ಹೆಂಡತಿಯರು ಹೇಗೆ ಸಹಕರಿಸಬೇಕು ಎಂಬುದರ ಸುತ್ತಲೇ ತಿರುಗುತ್ತದೆ. ವರ್ಷಗಟ್ಟಲೆ ಹೆದರಿ ಬದುಕಿದವರಿಗೆ ಅವರದೇ ಆದ ನೋವು, ಸಿಟ್ಟು, ಅಪನಂಬಿಕೆಗಳಿರುತ್ತವೆ. ವ್ಯಸನಿಗಳ ಕುಟುಂಬದವರಿಗೆಂದೇ ಅಲ್-ಅನಾನ್ ಎಂಬ ಪ್ರತ್ಯೇಕ ಸಂಘ 1951ರಲ್ಲೇ ಹುಟ್ಟಿರುವಾಗ, ಹನ್ನೆರಡು ಹೆಜ್ಜೆಗಳನ್ನು ಇಷ್ಟು ಶ್ರದ್ಧೆಯಿಂದ ನಡೆಸುವವರು ಅಂಥ ಒಂದು ಸಭೆಯನ್ನು ಏಕೆ ಆರಂಭಿಸಿಲ್ಲ ಎಂದು ನಾನು ಲಿಖಿತವಾಗಿ ಕೇಳಿದ್ದೇನೆ. ನನ್ನ ತಮ್ಮನ ಹೆಂಡತಿ ಅವನ ಮಾತನ್ನು ಇನ್ನೂ ನಂಬುವುದಿಲ್ಲ, ಅವಳು ನಂಬಲೇಬೇಕೆಂದು ಯಾರೂ ಹೇಳಬಾರದು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಊಟದಲ್ಲಿ ಗೊತ್ತಾಗದಂತೆ ಬೆರೆಸಬಾರದು, ಅದರ ಮೇಲೆ ಕುಡಿದರೆ ಜೀವಕ್ಕೇ ಅಪಾಯ ಎಂದು ಆ ದಿನ ಸ್ಪಷ್ಟವಾಗಿ ತಿಳಿಸಿದ್ದು ಮಾತ್ರ ಬಹಳ ಉಪಯೋಗವಾಯಿತು. ಮಹಿಳೆಯರಿಗೆ ಒಳರೋಗಿ ವ್ಯವಸ್ಥೆಯೇ ಇಲ್ಲ. ಭಾನುವಾರದ ಸಭೆ ಸಂಜೆ ತಡವಾಗಿ ಮುಗಿಯುವುದರಿಂದ ಪಾವಗಡ, ಹುಳಿಯಾರು ಕಡೆಯವರು ಬಸ್ಸಿಗಾಗಿ ಅರ್ಧದಲ್ಲೇ ಏಳುತ್ತಾರೆ. ಹೆಚ್ಚು ಆಸರೆ ಬೇಕಾದವರೂ ಆ ದೂರದ ಊರಿನವರೇ.

ಶುಲ್ಕಕ್ಕೆ ರಸೀದಿ ಕೊಡುತ್ತಾರೆ, ಬಡವರಿಗೆ ರಿಯಾಯಿತಿ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಪಡೆದ ನೋಂದಣಿ ಪತ್ರವನ್ನು ಕಚೇರಿಯಲ್ಲಿ ಕಾಣುವಂತೆ ತೂಗುಹಾಕಿದ್ದಾರೆ. ಆ ಕಾಯ್ದೆ ಸರಪಳಿ ಹಾಕುವುದನ್ನು ಸಂಪೂರ್ಣ ನಿಷೇಧಿಸಿದೆ; ಹೊಡೆಯುವ, ಕೂಡಿಹಾಕುವ, ನೋಂದಣಿ ತೋರಿಸಲು ಹಿಂಜರಿಯುವ ಯಾವ ಕೇಂದ್ರಕ್ಕೂ ನಿಮ್ಮವರನ್ನು ಒಪ್ಪಿಸಬೇಡಿ. ಯಾವ ಕೇಂದ್ರಕ್ಕೆ ಹೋದರೂ, ಬಿಡುಗಡೆಯಾದ ಮೇಲೆ ವಾರವಾರ ಏನು ನಡೆಯುತ್ತದೆ, ಬರೆದ ನೋಟ್‌ಬುಕ್ಕು ಯಾರ ಬಳಿ ಇರುತ್ತದೆ, ಮನೆಯವರ ಮಾತು ಕೇಳುವವರು ಯಾರು ಎಂದು ಕೇಳಿ. ಕೇಂದ್ರ ಹುಡುಕುವ ಮೊದಲು ಸಲಹೆ ಬೇಕಾದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಎರಡೂ ಉಚಿತ. ಜೊತೆಗೆ ಬೇರೆ ಕಾಯಿಲೆಯಿದ್ದವರಿಗೆ, ಫಿಟ್ಸ್ ಬಂದ ಇತಿಹಾಸವಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ತುಮಕೂರಿನಿಂದ ಎಪ್ಪತ್ತು ಕಿಲೋಮೀಟರಿನಷ್ಟೇ ದೂರದಲ್ಲಿದೆ. ಆಸ್ಪತ್ರೆಯ ಹಂತ ಮುಗಿಸಿ, ತನ್ನ ಇಚ್ಛೆಯಿಂದಲೇ ಬರುವ ಪುರುಷರಿಗೆ ಈ ಕೇಂದ್ರವನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಅವರ ಮನೆಯ ಹೆಣ್ಣುಮಕ್ಕಳು ತಮಗೆ ಬೇಕಾದ ಆಪ್ತಸಲಹೆಯನ್ನು ಸದ್ಯಕ್ಕೆ ಬೇರೆಡೆ ಹುಡುಕಿಕೊಳ್ಳಬೇಕಾಗುತ್ತದೆ.