ಬೆಳಗಿನ ಲೋಟಕ್ಕೆ ಕಾಫಿನಾ, ಟೀನಾ?

ಪಾಲಿಫಿನಾಲ್ ಇರುವುದನ್ನು ತಿನ್ನಿ, ಕುಡಿಯಿರಿ ಅನ್ನುತ್ತಾರಲ್ಲ, ಹಾಗಂದರೆ ಗಿಡಗಳಿಗೆ ಒಗರು, ಕಹಿ, ಬಣ್ಣ ಕೊಡುವ ಅಂಶಗಳು. ಮೈಸೂರಿನವರು ಅದನ್ನು ದೂರ ಹುಡುಕಬೇಕಿಲ್ಲ, ಬೆಳಗಿನ ಲೋಟದಲ್ಲೇ ಇದೆ.

ಕಾಫಿಯಲ್ಲಿರುವುದು ಮುಖ್ಯವಾಗಿ ಕ್ಲೋರೋಜೆನಿಕ್ ಆಮ್ಲ ಅನ್ನುವ ಪಾಲಿಫಿನಾಲ್. ಫ್ರಾನ್ಸ್, ಜಪಾನ್‌ಗಳಲ್ಲಿ ವಯಸ್ಕರ ಆಹಾರದ ಲೆಕ್ಕ ಹಾಕಿದಾಗ ಪಾಲಿಫಿನಾಲ್‌ಗೆ ಕಾಫಿಯೇ ಮೊದಲ ಮೂಲ ಅಂತ ಬಂದಿದೆ. ಆದರೆ ಬೀಜ ಕಪ್ಪಾಗುವಷ್ಟು ಹುರಿದರೆ ಈ ಆಮ್ಲ ಬಹುಪಾಲು ಹಾಳು. ಅದಕ್ಕೇ ನಾನು ಪುಡಿ ಅಂಗಡಿಯಲ್ಲಿ 'ಹದವಾಗಿ ಹುರಿದದ್ದು, ಚಿಕೋರಿ ಕಮ್ಮಿ' ಅಂತ ಕೇಳುತ್ತೇನೆ. "ಡಿಕಾಕ್ಷನ್ ಗಟ್ಟಿ ಬರಲ್ಲ ಸಾರ್" ಅನ್ನುತ್ತಾರೆ ಅಂಗಡಿಯವರು. ಬಣ್ಣ ಕಮ್ಮಿ, ನಿಜ. ಘಮ ಮಾತ್ರ ಸೊಗಸು.

ಟೀಯಲ್ಲಿ ಕ್ಯಾಟಕಿನ್ ಅನ್ನುವ ಪಾಲಿಫಿನಾಲ್‌ಗಳಿವೆ, ಹಸಿರು ಟೀಯಲ್ಲಿ ಜಾಸ್ತಿ. ಮಾಮೂಲಿ ಟೀ ಪುಡಿ ತಯಾರಾಗುವಾಗ ಅವು ಬೇರೆ ರೂಪಕ್ಕೆ ತಿರುಗುತ್ತವೆ. ಆ ಕೆಂಪು ಬಣ್ಣ ಅಲ್ಲಿಂದಲೇ.

ರಕ್ತ ಕಮ್ಮಿ ಇರುವವರು ಎರಡನ್ನೂ ಊಟದ ಜೊತೆ ಕುಡಿಯಬೇಡಿ. ಸೊಪ್ಪು, ಕಾಳುಗಳ ಕಬ್ಬಿಣ ಮೈಗೆ ಅಷ್ಟಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ನನ್ನ ಓಟು ಕಾಫಿಗೆ, ದಿನಕ್ಕೆ ಎರಡೇ ಲೋಟ. ನಿದ್ದೆ ಬರದವರಿಗೆ ಟೀ ವಾಸಿ, ಕೆಫೀನ್ ಕಮ್ಮಿ ಅಲ್ವಾ? ಎರಡೂ ಬೇಡ ಅನ್ನುವ ಮಂಡ್ಯದ ನೆಂಟರಿಗೆ ಮುದ್ದೆ ಇದ್ದೇ ಇದೆ. ರಾಗಿಯ ಪಾಲಿಫಿನಾಲ್ ಹೊರಸಿಪ್ಪೆಯಲ್ಲೇ ಜಾಸ್ತಿ, ಹಿಟ್ಟನ್ನು ಸುಮ್ನೆ ಬಟ್ಟೆಯಲ್ಲಿ ಸೋಸಿ ತೌಡು ಎಸೆಯಬೇಡಿ.